ಚಿಕ್ಕವಳ ಬ್ರೆಡ್ಡಿನ ಮೇಲೆ ನನ್ನ ಅನುಮಾನ

ಮೊಟ್ಟೆಯ ಸಿಪ್ಪೆ ಸಿಗುತ್ತದೇನೋ ಎಂದು ನಾನು ಒಂದು ಬೆಳಿಗ್ಗೆ ಕೊಟ್ಟಿಗೆಯ ಹಿಂದಿನ ತಿಪ್ಪೆಯನ್ನು ಕೋಲು ಹಿಡಿದು ಕೆದಕಿದ್ದೆ. ಹಿಂದಿನ ದಿನ ನನ್ನ ಓರಗಿತ್ತಿ ಮಾಡಿದ್ದ ಬ್ರೆಡ್ಡು ಒಳಗೆಲ್ಲ ಹಳದಿಯಾಗಿತ್ತು. ಮೈದಾ ಬಿಳಿ, ಹಾಲು ಬಿಳಿ, ಸಕ್ಕರೆ ಬಿಳಿ. ಹಳದಿ ಎಲ್ಲಿಂದ ಬಂತು? ನಮ್ಮ ಮನೆಯ ಅಡುಗೆಕೋಣೆಗೆ ಮೊಟ್ಟೆ ಬರುವಂತಿರಲಿಲ್ಲ. ತಿಪ್ಪೆಯಲ್ಲಿ ಬಾಳೆಲೆ, ಬೂದಿ, ಕಾಫಿ ಹಣ್ಣಿನ ಸಿಪ್ಪೆ ಬಿಟ್ಟರೆ ಏನೂ ಸಿಗಲಿಲ್ಲ. ಸಿಗದೆ ಹೋದದ್ದರಿಂದ ನನ್ನ ಅನುಮಾನ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಸಿಪ್ಪೆಯನ್ನೂ ಯಾರಿಗೂ ಸಿಗದ ಹಾಗೆ ಮಾಡುವವಳು ಇನ್ನೇನೇನು ಮುಚ್ಚಿಟ್ಟಿರಬಹುದು ಎಂದುಕೊಂಡು ಕೈ ತೊಳೆದು ಒಳಗೆ ಹೋದೆ.

ಅದು ತೊಂಬತ್ತರ ದಶಕದ ಮಾತು. ವನಗೂರಿನ ಕಡೆ, ಜೀಪು ಮಾತ್ರ ಹತ್ತುವ ಗುಡ್ಡದ ಮೇಲೆ ನಮ್ಮದು ಸಣ್ಣ ಕಾಫಿ ತೋಟ. ನಾನು ಬೆಳಗೋಡಿನ ಕಡೆಯ ಗದ್ದೆ ಊರಿನಿಂದ ಆ ಮನೆಗೆ ದೊಡ್ಡ ಸೊಸೆಯಾಗಿ ಬಂದವಳು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನನ್ನ ಗಂಡ, ಸಕಲೇಶಪುರದಲ್ಲಿ ಕಾಲೇಜು ಓದುತ್ತಿದ್ದ ನಾದಿನಿ. ಮೈದುನ ಎಂಜಿನಿಯರಿಂಗ್ ಓದಲು ರೊಮೇನಿಯಾ ಎಂಬ ದೇಶಕ್ಕೆ ಹೋಗಿದ್ದವನು ಅಲ್ಲೇ ಕೆಲವು ವರ್ಷ ದುಡಿದು, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ಒಂದು ದಿನ ಅವಳನ್ನು ಕರೆದುಕೊಂಡು ಜೀಪಿನಿಂದ ಇಳಿದ. ಇನ್ನು ತೋಟ ನೋಡಿಕೊಂಡು ಇಲ್ಲೇ ಇರುತ್ತೇನೆ ಎಂದ. ಅದೂ ನನಗೆ ಅನುಮಾನವೇ. ದೂರದೇಶದಲ್ಲಿ ಸಂಬಳ ಎಣಿಸುತ್ತಿದ್ದವನು ಕಾಫಿ ಗಿಡದ ಚಿಗುರು ತೆಗೆಯುತ್ತೇನೆಂದರೆ ಯಾರು ನಂಬುತ್ತಾರೆ?

ಅತ್ತೆ ಬಾಗಿಲಲ್ಲಿ ಆರತಿ ಎತ್ತಿ ಇಬ್ಬರನ್ನೂ ಒಳಗೆ ಕರೆದುಕೊಂಡರು. ಮುಖದಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತೋಟದ ಲೈನಿನ, ಅಂದರೆ ಸಾಲುಮನೆಗಳ, ಆಳುಗಳಿಗೆ ಅವಳು ದೊರೆಸಾನಿಯಾದಳು. ಅವಳ ಹೆಸರು ನಮ್ಮ ಯಾರ ನಾಲಗೆಗೂ ಹೊರಳದೆ ಮನೆಯಲ್ಲಿ 'ಚಿಕ್ಕವಳು' ಎಂದೇ ಕರೆದೆವು. ಅವಳು ಕನ್ನಡ ಕಲಿತದ್ದು ಅತ್ತೆಯಿಂದ, ಲೈನಿನ ಹೆಂಗಸರಿಂದ. ಹಾಗಾಗಿ ಹಳದಿ ಕೂದಲಿನ ಆ ಹೆಂಗಸು ಬಾಯಿ ಬಿಟ್ಟರೆ 'ಐತೆ', 'ಹೋಗ್ಬುಟ್ಟೆ' ಎಂದೇ ಮಾತು ಬರುತ್ತಿತ್ತು. ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ, ಇಷ್ಟು ಬೇಗ ಕಲಿತವಳು ನಾವು ಒಳಗೊಳಗೆ ಆಡಿಕೊಳ್ಳುವುದನ್ನೆಲ್ಲ ಎಷ್ಟು ಕೇಳಿಸಿಕೊಂಡಿದ್ದಾಳೋ ಎಂಬ ಚಿಂತೆ.

ಬಂದ ಮೊದಲ ಬೇಸಿಗೆಯಲ್ಲೇ ಅವಳು ಅತ್ತೆಯ ಹತ್ತಿರ ಮೈದಾ ಕೇಳಿದಳು. ಅವಳ ಊರಲ್ಲಿ ದೊಡ್ಡ ಹಬ್ಬಕ್ಕೆ ಕೊಜೊನಾಕ್ ಎಂಬ ಸಿಹಿ ಬ್ರೆಡ್ಡು ಮಾಡದ ಮನೆ ಇಲ್ಲವಂತೆ. ಸಕಲೇಶಪುರದ ಬೇಕರಿಯಿಂದ ಮೈದುನ ಈಸ್ಟ್ ತಂದುಕೊಟ್ಟ. ಆ ಪೊಟ್ಟಣದ ವಾಸನೆ ನನಗೆ ಹಿಡಿಸಲಿಲ್ಲ. "ಇದು ಹುಳ ಅಂತೆ ಅತ್ತೆ, ಬೆಚ್ಚಗಿನ ಹಾಲಿಗೆ ಹಾಕಿದ್ರೆ ಜೀವ ಬರ್ತದಂತೆ" ಎಂದೆ. ಅತ್ತೆ, "ದೋಸೆ ಹಿಟ್ಟು ಉಬ್ಬಲ್ವೇನೆ? ಅದಕ್ಕೆ ಯಾರು ಜೀವ ಕೊಡ್ತಾರೆ?" ಎಂದು ಮಣೆ ಎಳೆದುಕೊಂಡು ನೋಡಲು ಕೂತರು.

ಅವಳು ಮೈದಾವನ್ನು ಜರಡಿ ಹಿಡಿದು ಬಿಸಿಲಿಗಿಟ್ಟಳು. ಹಾಲು, ಸಕ್ಕರೆ, ಬೆಣ್ಣೆ ಎಲ್ಲವನ್ನೂ ಒಲೆಯ ಪಕ್ಕ ಬೆಚ್ಚಗೆ ಇಟ್ಟುಕೊಂಡಳು. ಒಂದು ಬೆಚ್ಚಗೆ ಒಂದು ತಣ್ಣಗೆ ಇದ್ದರೆ ಹಿಟ್ಟು ಮುನಿಸಿಕೊಳ್ಳುತ್ತದಂತೆ. ಆಮೇಲೆ ನಾದಲು ಶುರುಮಾಡಿದಳು. ನಾವು ಹೋಳಿಗೆಯ ಕಣಕ ನಾದುವುದನ್ನು ಬಲ್ಲವರು, ಆದರೆ ಇಷ್ಟು ಹೊತ್ತು ಯಾರೂ ನಾದಿದ್ದನ್ನು ನಾನು ಕಂಡಿರಲಿಲ್ಲ. ಮಡಚುತ್ತಾಳೆ, ಎತ್ತಿ ಬಡಿಯುತ್ತಾಳೆ, ಕರಗಿಸಿದ ಬೆಣ್ಣೆಯನ್ನು ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ಹಚ್ಚಿ ಮತ್ತೆ ಮಡಚುತ್ತಾಳೆ. ಒಮ್ಮೆಲೇ ಬೆಣ್ಣೆ ಸುರಿದರೆ ಹಿಟ್ಟು ಕುಡಿಯುವುದಿಲ್ಲವಂತೆ. ಮೊದಲು ಬೆರಳಿಗೆಲ್ಲ ಅಂಟುತ್ತಿದ್ದ ಹಿಟ್ಟು ಕೊನೆಗೆ ತಾನಾಗಿ ಕೈ ಬಿಟ್ಟಿತು. ಅತ್ತೆ ಬಗ್ಗಿ ಒಂದು ಚೂರು ಎಳೆದು ನೋಡಿ, "ಕಣಕ ಬಂದೈತೆ ಕಣೆ" ಎಂದರು. ಅವರ ಬಾಯಲ್ಲಿ ಅಂಥ ಮಾತು ನನ್ನ ಕಣಕಕ್ಕೂ ಬಂದಿರಲಿಲ್ಲ.

ಅನುಮಾನ ಶುರುವಾದದ್ದು ಆಮೇಲೆ. ಹಿಟ್ಟನ್ನು ಪಾತ್ರೆಯಲ್ಲಿಟ್ಟು, ಅದರ ಮೇಲೆ ಅಂಗೈಯ ಅಂಚಿನಿಂದ ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದು, ಏನೋ ಮಣಮಣ ಅಂದಳು. ಬಟ್ಟೆ ಮುಚ್ಚಿ, ಹಂಡೆಯ ಒಲೆ ಇರುವ ಬಚ್ಚಲುಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟು ಬಾಗಿಲು ಹಾಕಿದಳು.

"ಅಕ್ಕ, ಬಾಗ್ಲು ತೆಗೀಬ್ಯಾಡ. ಗಾಳಿ ಬಂದ್ರೆ ಕೂತ್ಕತೈತೆ. ಜೋರಾಗಿ ಮಾತೂ ಬ್ಯಾಡ."

ಸ್ನಾನಕ್ಕೆಂದು ಬಂದ ನನ್ನ ಗಂಡ ಟವೆಲು ಹೊತ್ತುಕೊಂಡು ಹೊರಗೇ ನಿಂತರು. ನಾನು ಅವರನ್ನು ಪಕ್ಕಕ್ಕೆ ಕರೆದು, "ಹಿಟ್ಟಿಗೆ ಏನೋ ಮಂತ್ರ ಹಾಕ್ತಾಳೆ ಕಣ್ರೀ" ಎಂದೆ.

"ನೀನು ಹೋಳಿಗೆ ಮಾಡುವಾಗ ಮೊದ್ಲನೇದನ್ನ ಒಲೆಗೆ ಹಾಕಿ ಕೈ ಮುಗಿಯಲ್ವಾ? ಹಂಗೇ ಇದೂ."

"ನಾನು ಎಲ್ಲಾರ ಎದ್ರಿಗೆ ಮುಗೀತೀನಿ. ಬಾಗ್ಲು ಹಾಕ್ಕೊಂಡಲ್ಲ" ಎಂದೆ.

ಅವಳ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಸೀಸೆಗಳಿದ್ದವು. ಹಿಟ್ಟಿಗೆ ಅದರಿಂದ ಕೆಲವು ಹನಿ ಬೀಳುತ್ತಿತ್ತು. ಒಂದನ್ನು ನಾನು ಮುಚ್ಚಳ ತೆಗೆದು ಮೂಸಿದೆ. ಹೆಂಡದ ವಾಸನೆ! ಗಂಡನಿಗೆ ತೋರಿಸಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಒಂದು ಹನಿ ನಾಲಗೆಗೆ ಮುಟ್ಟಿಸಿಕೊಂಡು, "ರಮ್ಮಿನ ವಾಸನೆ ಅಷ್ಟೇ ಕಣೆ, ಒಳಗೆ ಮಾಲೇ ಇಲ್ಲ" ಎಂದು ಬೇಸರದಿಂದ ಸೀಸೆ ವಾಪಸು ಕೊಟ್ಟರು. ಬರೀ ವಾಸನೆಯನ್ನು ಸೀಸೆಯಲ್ಲಿ ತುಂಬಿಕೊಂಡು ಸಮುದ್ರ ದಾಟಿ ಬರುವವರನ್ನು ಏನೆಂದು ನಂಬುವುದು?

ಉಬ್ಬಿದ ಹಿಟ್ಟನ್ನು ಲಟ್ಟಿಸಿ, ಕುಟ್ಟಿದ ಅಕ್ರೋಟು, ಕೋಕೋ ಪುಡಿ, ನಮ್ಮ ತೋಟದ ಕಿತ್ತಳೆಯ ಸಿಪ್ಪೆಯ ತುರಿ ಹರಡಿ ಚಾಪೆಯಂತೆ ಸುತ್ತಿದಳು. ಎರಡು ಸುರುಳಿಗಳನ್ನು ಜಡೆಯ ಹಾಗೆ ಹೆಣೆದು ಮತ್ತೆ ಉಬ್ಬಲು ಬಿಟ್ಟಳು. ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಮದುವೆಯ ಅಡುಗೆಗೆ ಇಟ್ಟಿದ್ದ ದೊಡ್ಡ ಡಬರಿಯಲ್ಲಿ ಮರಳು ಹಾಕಿ, ಒಳಗೆ ತಟ್ಟೆಯಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸಿದಳು. ಆ ಘಮ ಕಾಫಿ ಸ್ಟೋರಿನವರೆಗೆ ಹೋಗಿ, ಕಣದಲ್ಲಿದ್ದ ಆಳುಗಳು ತಲೆ ಎತ್ತಿ ನೋಡಿದರು. ಬೆಂದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ, ದಿಂಬಿನ ಮೇಲೆ ಕೂಸಿನ ಹಾಗೆ ಮಗ್ಗುಲಾಗಿ ಮಲಗಿಸಿದಳು. ನೆಟ್ಟಗೆ ನಿಲ್ಲಿಸಿದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದಂತೆ. ಅದು ನನ್ನ ಗಂಡನ ದಿಂಬು.

ಚಾಕು ತಂದರೆ ಬೇಡವೆಂದಳು. "ಹರೀಬೇಕು ಅಕ್ಕ. ಎಳೆ ಎಳೆಯಾಗಿ ಬಂದ್ರೆ ಚೆನ್ನಾಗೈತೆ. ಪುಡಿ ಉದುರಿದ್ರೆ ನಾದಿದ್ದು ಸಾಲ್ದು ಅಂತ." ಹರಿದಳು. ಹತ್ತಿಯ ಹಾಗೆ ಎಳೆ ಎಳೆಯಾಗಿ ಬಂತು. ಬೇಕರಿಯ ಬನ್ನಿಗಿಂತ ಹಗುರ, ಕೇಕಿನಷ್ಟು ಸಿಹಿಯಿಲ್ಲ, ಅಗಿಯುವಾಗ ಕಿತ್ತಳೆಯ ಸಣ್ಣ ಕಹಿ. ನಾನು ಮತ್ತೊಂದು ಚೂರು ಕೇಳಿ ತಿಂದೆ. ಅಷ್ಟು ರುಚಿಯಾಗಿದ್ದದ್ದೇ ತಿಪ್ಪೆಯವರೆಗೆ ನನ್ನನ್ನು ಕಳಿಸಿತು. ಮೊಟ್ಟೆಯಿಲ್ಲದೆ ಆ ಬಣ್ಣ, ಆ ಮೆದುಪು ಬರುವುದು ಸಾಧ್ಯವೇ ಇಲ್ಲವೆಂದು ನನಗೆ ಖಾತ್ರಿಯಿತ್ತು.

ಕೊನೆಗೆ ಅತ್ತೆಗೇ ಹೇಳಿದೆ. ಅವರು ನಕ್ಕು, "ಬೆಳಿಗ್ಗೇನೇ ಸಿಹಿಗುಂಬಳ ಬೇಯಿಸಿ ಹಾಲಿಗೆ ಕಲಸಿಟ್ಟಿದ್ಲು, ನೀನು ನೋಡ್ಲಿಲ್ಲ. ಅಟ್ಟದ ಮೇಲಿಂದ ನಾನೇ ತೆಗೆದುಕೊಟ್ಟಿದ್ದು. ಮೊಟ್ಟೆ ಹಾಕಂಗಿಲ್ಲ ಅಂದೆ. ಹಂಗಾದ್ರೆ ನಮ್ಮಲ್ಲಿ ಉಪವಾಸಕ್ಕೆ ಮಾಡೋ ತರ ಮೊಟ್ಟೆ ಬದ್ಲು ಕುಂಬಳ ಹಾಕ್ತೀನಿ ಅಂದ್ಲು" ಎಂದರು.

"ಉಪವಾಸಾನಾ? ಇವರಿಗಾ?"

"ಹಬ್ಬಕ್ಕೆ ಮುಂಚೆ ತಿಂಗಳ ಮೇಲೆ ಮಾಂಸ, ಮೊಟ್ಟೆ ಎಲ್ಲಾ ಬಿಡ್ತಾರಂತೆ. ಹಾಲೂ ಬಿಡ್ತಾರಂತೆ ಕಣೆ, ತುಪ್ಪಾನೂ ಬಿಡ್ತಾರಂತೆ. ನಾವು ಏಕಾದಶಿಗೆ ಒಂದು ಹೊತ್ತು ಬಿಟ್ಟು ಅದೇ ದೊಡ್ಡದಾಗಿ ಹೇಳ್ಕೊಂಡು ತಿರುಗ್ತೀವಿ."

ಅತ್ತೆ ಅಂದಿನಿಂದ ಅವಳ ಕಡೆ ವಾಲಿದರು. ನಾನು ವಾಲಲಿಲ್ಲ. ಹಾಲು ಬಿಡುತ್ತಾರೆಂಬುದನ್ನು ಕಣ್ಣಾರೆ ಕಂಡವರು ಯಾರು? ಆದರೆ ಮಾರನೆಯ ವರ್ಷ ಅವಳು ವಾರಗಟ್ಟಲೆ ಬರೀ ಅನ್ನ, ಬೇಳೆ, ಸೊಪ್ಪು ತಿಂದುಕೊಂಡು, ಕಾಫಿಯನ್ನೂ ಹಾಲಿಲ್ಲದೆ ಕುಡಿದಳು. ನಡುವೆ ಒಂದು ದಿನ ಹಿಟ್ಟನ್ನು ಎಂಟರ ಅಂಕಿಯ ಹಾಗೆ ಪುಟ್ಟದಾಗಿ ತಿರುಚಿ, ಸಕ್ಕರೆ ನೀರಿನಲ್ಲಿ ಬೇಯಿಸಿ, ಅಕ್ರೋಟು, ಚಕ್ಕೆ ಪುಡಿ ಉದುರಿಸಿ ಬಟ್ಟಲಲ್ಲಿ ಕೊಟ್ಟಳು. ಶಾವಿಗೆ ಪಾಯಸದ ದೂರದ ನೆಂಟನಂತಿತ್ತು. ನಾನು ಕದ್ದು ಕದ್ದು ಗಮನಿಸಿದೆ. ಹಾಲು ಮುಟ್ಟಲಿಲ್ಲ.

ಹೀಗೆ ಎರಡು ಮೂರು ವರ್ಷ ಕಳೆಯಿತು. ನಾದಿನಿಗೆ ಆಲೂರಿನ ಕಡೆಯ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ತೋಟ ಗದ್ದೆ ಇದ್ದ ಮನೆ. ಆದರೆ ಅವನ ಸೋದರಮಾವ ನನಗಿಂತ ಹೆಚ್ಚು ಅನುಮಾನದ ಮನುಷ್ಯ. ನಮ್ಮ ಜಗಲಿಯಲ್ಲಿ ಕೂತು ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು:

"ನಿಮ್ಮನೇಲಿ ದೊರೆಸಾನಿ ಸೊಸೆ ಅವ್ರಂತಲ್ಲ. ಆಚಾರ ವಿಚಾರ ಎಲ್ಲಾ ಹೆಂಗೆ?"

"ನಮ್ಮ ಆಚಾರ ನಮ್ಮ ಒಲೆ ಹತ್ರ ಐತೆ. ಬಂದು ನೋಡ್ಬೋದು" ಎಂದರು ಅತ್ತೆ.

ಅವರು ಒಳಗೆ ಬಂದು ನೋಡಲಿಲ್ಲ. ಊರಲ್ಲಿ ನಾಲ್ಕು ಕಡೆ ವಿಚಾರಿಸಿ ಕೊನೆಗೆ ಒಪ್ಪಿಗೆ ಕಳಿಸಿದರು. ಶಿವರಾತ್ರಿ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಗೊತ್ತಾಯಿತು. ನಾದಿನಿ ಕನ್ನಡಿಯ ಮುಂದಿಂದ ಏಳುತ್ತಿರಲಿಲ್ಲ.

ಕಾಫಿ ಕುಯ್ಲು ಜೋರಾಗಿ ನಡೆಯುತ್ತಿದ್ದ ಆ ದಿನಗಳಲ್ಲೇ ಚಿಕ್ಕವಳು ಬದಲಾದಳು. ಮಾತು ಕಡಿಮೆಯಾಯಿತು. ಬಣ್ಣದ ಸೀರೆ ಬಿಟ್ಟು ಒಂದೇ ಕಪ್ಪು ಅಂಚಿನ ಬಿಳಿ ಸೀರೆಯನ್ನು ಒಗೆದು ಒಗೆದು ಉಡತೊಡಗಿದಳು. ಕೇಳಿದರೆ, "ಕೆಲ್ಸ ಜಾಸ್ತಿ ಐತಲ್ಲ ಅಕ್ಕ, ಇದೇ ಸಲೀಸು" ಎಂದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮತ್ತೆ ಮತ್ತೆ ಹಿಟ್ಟು ನಾದುತ್ತಿದ್ದಳು. ನಮಗೆಂದು ಗಸಗಸೆ ತುಂಬಿದ ಕೊಜೊನಾಕ್. ಅದರ ಜೊತೆ ಬಳೆಯಂತೆ ದುಂಡಗೆ ಹೆಣೆದ ಸಣ್ಣ ಬ್ರೆಡ್ಡುಗಳು ಬೇರೆ. ಅವುಗಳ ಹೆಸರು ಕೊಲಾಕ್ ಎಂದಳು, ಆದರೆ ಒಂದೂ ನಮ್ಮ ತಟ್ಟೆಗೆ ಬರಲಿಲ್ಲ. ಕರೆಂಟು ಹೋದಾಗ ಹಚ್ಚಲೆಂದು ಗೂಡಿನಲ್ಲಿಟ್ಟಿದ್ದ ಮೇಣದಬತ್ತಿಗಳೂ ಒಂದೊಂದಾಗಿ ಕಾಣೆಯಾದವು.

ಗಸಗಸೆಯ ಗುಣ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಪಾಯಸ ಕುಡಿದವರು ಎದ್ದು ಕೈ ತೊಳೆಯುವುದೇ ಕಷ್ಟ. ಊಟದ ಮೇಲೆ ಆ ಬ್ರೆಡ್ಡು ತಿಂದು ಅತ್ತೆ ಮಲಗಿದರೆ ಕಾಫಿ ಹೊತ್ತಿನವರೆಗೆ ಏಳುತ್ತಿರಲಿಲ್ಲ. ನಾನೂ ಒಂದೆರಡು ಸಲ ಹಾಗೇ ಒರಗಿಬಿಟ್ಟೆ. ಎಚ್ಚರವಾದಾಗ ಚಿಕ್ಕವಳು ಮನೆಯಲ್ಲಿರಲಿಲ್ಲ. ಆಮೇಲೆ ಸೆರಗಿಗೆ ಮುಳ್ಳು ಹತ್ತಿಸಿಕೊಂಡು ಬಂದಳು. ನನಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕಂಡಿತು: ನಮ್ಮನ್ನು ಮಲಗಿಸಿ ಇವಳು ಎಲ್ಲಿಗೋ ಹೋಗುತ್ತಾಳೆ. ಯಾರನ್ನೋ ನೋಡಲು. ಅಥವಾ ಏನನ್ನೋ ಮಾಡಲು.

ಒಂದು ಸೋಮವಾರ, "ನಂಗಿವತ್ತು ಒಪ್ಪತ್ತು" ಎಂದು ಬ್ರೆಡ್ಡು ಮುಟ್ಟದೆ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದೆ. ಹಿತ್ತಿಲ ಬಾಗಿಲು ಮೆಲ್ಲಗೆ ಸರಿಯಿತು. ಎದ್ದು ಹಿಂದೆ ಹೋದೆ. ಅವಳು ಕಾಫಿ ಕಣ ದಾಟಿ, ಸ್ಟೋರಿನ ಹಿಂದಿನ ಕಾಲುದಾರಿ ಇಳಿದು, ಲೈನ್ ಮನೆಗಳ ಕೊನೆಗಿದ್ದ ಅತ್ತಿಮರದ ಹತ್ತಿರ ನಿಂತಳು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಮೈಗೆ ಹುಷಾರಿಲ್ಲದೆ ಆ ದಿನ ಕುಯ್ಲಿಗೆ ಹೋಗದ ಒಬ್ಬ ಮುದುಕಿ ಹೊರಗೆ ಬಂದಳು.

ನಾನು ಕಾಫಿ ಗಿಡಗಳ ನಡುವೆ ಬಗ್ಗಿ ನಿಂತೆ. ಚಿಕ್ಕವಳು ಬುಟ್ಟಿಯಿಂದ ಬಳೆಯಂಥ ಬ್ರೆಡ್ಡು ತೆಗೆದಳು. ಅದರ ನಡುವೆ ಮೇಣದಬತ್ತಿ ನಿಲ್ಲಿಸಿ, ಆ ಉರಿಬಿಸಿಲಲ್ಲಿ ಕಡ್ಡಿ ಗೀರಿ ಹಚ್ಚಿದಳು. ಏನೋ ಹೇಳಿಕೊಂಡು ಎರಡೂ ಕೈಯಲ್ಲಿ ಮುದುಕಿಗೆ ಕೊಟ್ಟಳು. ಮುದುಕಿ ತೆಗೆದುಕೊಂಡು, "ಬೊಗದ ಪ್ರಸ್ತೆ" ಎಂದಳು.

ಪ್ರಸ್ತವೆ? ಯಾರ ಪ್ರಸ್ತ? ಮನೆಯಲ್ಲಿ ಹುಡುಗಿಯ ನಿಶ್ಚಿತಾರ್ಥ ಹತ್ತಿರವಿರುವಾಗ, ಮರದ ಕೆಳಗೆ, ಹಗಲಲ್ಲಿ ಬತ್ತಿ ಹಚ್ಚಿ ಇದೇನು ನಡೆಸುತ್ತಿದ್ದಾರೆ? ಮತ್ತೊಬ್ಬ ಬಾಣಂತಿ ಹೆಂಗಸು ಬಂದಳು, ಅವಳಿಗೂ ಹಾಗೇ. ಅವಳೂ ಅದೇ ಮಾತು ಅಂದಳು. ನಾನು ಹಿಂದಿರುಗಿ ನೋಡದೆ ಮನೆಗೆ ಬಂದು ಅತ್ತೆಯನ್ನು ಅಲ್ಲಾಡಿಸಿ ಎಬ್ಬಿಸಿದೆ.

"ಅತ್ತೆ, ಮನೇಲಿ ಮಾಟ ನಡೀತೈತೆ."

ಅತ್ತೆ ಎದ್ದು ಕೂತು ನಾನು ಕಂಡದ್ದನ್ನೆಲ್ಲ ಕೇಳಿದರು. ನಂಬಿದರೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಮುಖ ತೊಳೆದು ಅಡುಗೆಮನೆಯಲ್ಲಿ ಕೂತರು. ಚಿಕ್ಕವಳು ಖಾಲಿ ಬುಟ್ಟಿ ಹಿಡಿದು ಹಿತ್ತಿಲಿಂದ ಬಂದವಳು ನಮ್ಮಿಬ್ಬರನ್ನೂ ಕಂಡು ಹೊಸಿಲ ಹತ್ತಿರವೇ ನಿಂತಳು.

"ಬಾರವ್ವ. ಕೂತ್ಕೊ. ಯಾರಿಗೆ ಕೊಟ್ ಬಂದೆ?"

"ಲೈನಿನೋರಿಗೆ."

"ಬತ್ತಿ ಯಾಕೆ?"

ಅವಳು ಬುಟ್ಟಿಯ ಹಿಡಿ ಹಿಡಿದುಕೊಂಡೇ ಕೂತಳು.

"ಸತ್ತೋರಿಗೆ ದಾರಿ ಕತ್ಲಲ್ಲಿ ಇರ್ತೈತೆ ಅತ್ತೆ. ಅವರ ಹೆಸ್ರಲ್ಲಿ ಬ್ರೆಡ್ಡು ಕೊಡ್ಬೇಕು, ಬೆಳಕೂ ಕೊಡ್ಬೇಕು. ತಗೊಂಡೋರು ಬೊಗದಪ್ರಸ್ತೆ ಅನ್ಬೇಕು, ಸತ್ತೋರ್ನ ದೇವ್ರು ಕ್ಷಮಿಸ್ಲಿ ಅಂತ, ನಮ್ ಭಾಷೇಲಿ. ಅವ್ರಿಗೆ ಕಲಿಸ್ದೆ."

"ಸತ್ತೋರು ಯಾರು?"

"ನಮ್ಮವ್ವ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅತ್ತೆ ಎಷ್ಟು ದಿನವಾಯಿತೆಂದು ಕೇಳಿದರು. ಸಂಕ್ರಾಂತಿಯ ಹಿಂದೆಯೇ ಫೋನು ಬಂದಿತ್ತಂತೆ. ಅಷ್ಟು ದಿನ ಅವಳು ನಮ್ಮ ನಡುವೆ ಎಳ್ಳು ಬೀರಿಕೊಂಡು, ಆಳುಗಳಿಗೆ ಕಾಫಿ ಕೊಟ್ಟುಕೊಂಡು, ನಾದಿನಿಯ ಸೀರೆಗೆ ಕುಚ್ಚು ಕಟ್ಟಿಕೊಂಡು ಇದ್ದಳು.

"ನಮಗ್ಯಾಕೆ ಹೇಳ್ಲಿಲ್ಲ?"

"ಹೆಣ್ಣುಮಕ್ಕಳಿಗೆ ಸೂತಕ ಐತಲ್ಲ. ಗಂಡಿನೋರು ಏನಂತಾರೋ. ನಾನೇ ಯಾರಿಗೂ ಹೇಳೋದು ಬ್ಯಾಡ ಅಂತ ಮಾಡ್ದೆ."

ಅತ್ತೆ ಎದ್ದು ಹೋಗಿ ಅವಳ ಪಕ್ಕ ಕೂತು ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. ತನ್ನ ಭಾಷೆಯಲ್ಲಿ ಏನೇನೋ ಹೇಳಿಕೊಂಡು ಅತ್ತಳು. ನಾನು ಒಲೆಯ ನೀರು ಇಳಿಸಿ ಕಾಫಿ ಮಾಡಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಸಂಜೆ ಮೈದುನ ಕುಯ್ಲು ಮುಗಿಸಿ ಬಂದಾಗ ಅತ್ತೆ ಅವನು ಚಪ್ಪಲಿ ಬಿಡುವ ಮೊದಲೇ ತಡೆದರು.

"ಏನ್ಲಾ, ಹೆಂಡ್ತಿ ಅವ್ವ ಸತ್ತಿದ್ದನ್ನ ಬಚ್ಚಿಟ್ಟೆಯಾ?"

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ, "ನಾನೇ ಹೇಳ್ಬ್ಯಾಡ ಅಂದೆ ಅವ್ವ. ಅವಳ್ದೇನೂ ತಪ್ಪಿಲ್ಲ" ಎಂದ.

ಅತ್ತೆ ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನನ್ನ ಕಿವಿಗೆ ಮಾತ್ರ ಬೇರೆಯದೇ ತಟ್ಟಿತು. ಅವಳು, ನಾನೇ ಬೇಡವೆಂದುಕೊಂಡೆ ಎಂದಿದ್ದಳು. ಅವನು, ನಾನೇ ಬೇಡವೆಂದೆ ಎನ್ನುತ್ತಾನೆ. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಯಾಕೆ ಎಂದು ನಾನು ಆ ರಗಳೆಯ ನಡುವೆಯೂ ಯೋಚಿಸಿದೆ. ನಾದಿನಿ ಊಟಕ್ಕೆ ಬರಲಿಲ್ಲ. ತಲೆನೋವು ಎಂದಳು.

ಅವರ ಪದ್ಧತಿಯಲ್ಲಿ ನಲವತ್ತನೇ ದಿನದ ಕಾರ್ಯ ದೊಡ್ಡದು. ಅದು ನಿಶ್ಚಿತಾರ್ಥಕ್ಕೆ ಕೆಲವೇ ದಿನ ಮುಂಚೆ ಬೀಳುತ್ತಿತ್ತು. ಮರದ ಕೆಳಗೆ ಬೇಡ, ಮನೆಯಲ್ಲೇ ಆಗಲಿ ಎಂದು ಅತ್ತೆ ಹೇಳಿದರು. ಅದಕ್ಕೆ ಕೊಲಿವಾ ಎಂಬ ಗೋಧಿಯ ಸಿಹಿ ಆಗಬೇಕು. ಅತ್ತೆ ತಾವೇ ಮೊರದಲ್ಲಿ ಗೋಧಿ ಹಾಕಿಕೊಂಡು ಕಲ್ಲು ಆರಿಸಿದರು. ಚಿಕ್ಕವಳು ನೀರು ತಿಳಿಯಾಗುವವರೆಗೆ ತೊಳೆದು, ಕಾಳು ಒಡೆಯದ ಹಾಗೆ ಸಣ್ಣ ಉರಿಯಲ್ಲಿ ಬೇಯಿಸಿದಳು. ನಾವು ಪಾಯಸಕ್ಕೆ ಕಾಳು ಕರಗಿಸುತ್ತೇವೆ, ಇದರಲ್ಲಿ ಕರಗಿದರೆ ಕೆಟ್ಟಿತು. ಕಾಳು ನೋಡಲು ಇಡಿಯಾಗಿರಬೇಕು, ನಾಲಗೆಗೆ ಮೆತ್ತಗಿರಬೇಕು. ಬಸಿದು, ಬಟ್ಟೆಯ ಮೇಲೆ ಹರಡಿ ಆರಿಸಿ, ಸಕ್ಕರೆ, ಕುಟ್ಟಿದ ಅಕ್ರೋಟು, ನಿಂಬೆ ಸಿಪ್ಪೆಯ ತುರಿ ಕಲಸಿ ತಟ್ಟೆಯಲ್ಲಿ ಗುಡ್ಡೆ ಮಾಡಿದಳು. ಮೇಲೆ ಬಿಸ್ಕತ್ತಿನ ಪುಡಿ, ಅದರ ಮೇಲೆ ನುಣ್ಣಗೆ ಸಕ್ಕರೆ ಪುಡಿ ಒತ್ತಿ, ಕೋಕೋದಿಂದ ಶಿಲುಬೆ ಬರೆದಳು.

"ಗೋಧಿನೇ ಯಾಕವ್ವ?" ಅತ್ತೆ ಕೇಳಿದರು.

"ಮಣ್ಣಿಗೆ ಹಾಕಿದ್ರೆ ಮತ್ತೆ ಹುಟ್ಟೋದು ಇದೇ ಅಲ್ವಾ."

ಬತ್ತಿ ಹಚ್ಚಿ, ಮನೆಯವರೆಲ್ಲ ಸುತ್ತ ನಿಂತಿದ್ದಾಗ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಹುಡುಗನ ಸೋದರಮಾವ. ನಿಶ್ಚಿತಾರ್ಥದ ಏರ್ಪಾಟು ಮಾತಾಡಲು ಹೇಳದೆ ಕೇಳದೆ ಬಂದಿದ್ದರು. ಹೇಳದೆ ಬಂದದ್ದು ಯಾಕೆಂದು ನನಗೆ ತಕ್ಷಣ ಹೊಳೆಯಿತು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಬರುತ್ತಿದ್ದೆ. ನನ್ನ ಗಂಡ ಆ ತಟ್ಟೆಗೆ ಅಡ್ಡ ನಿಲ್ಲಲು ನೋಡಿದರು. ಅತ್ತೆ ಅವರನ್ನು ಪಕ್ಕಕ್ಕೆ ಸರಿಸಿದರು.

"ಇದೇನ್ರವ್ವ ಹಗಲಲ್ಲೇ ಬತ್ತಿ?"

"ನಮ್ಮ ಚಿಕ್ಕ ಸೊಸೆ ಅವ್ವ ತೀರ್ಕಂಡವ್ರೆ. ಅವರ ಕಾರ್ಯ. ಕೂತ್ಕೊಳ್ಳಿ, ನೀವೂ ಒಂದು ತುತ್ತು ತಗೊಳ್ಳಿ."

"ಶುಭಕಾರ್ಯ ಮುಂದಿಟ್ಕೊಂಡು ಮನೇಲಿ ಇದ್ನೆಲ್ಲಾ..."

"ಅವ್ವ ಸತ್ರೆ ಸೊಸೇನ ಅಳಕ್ಕೆ ಬುಡದ ಮನೆ ಅಂತ ನಾಳೆ ನಿಮ್ಮೂರೋರೇ ಅಂದಾರು. ಅದಕ್ಕಿಂತ ಇದು ವಾಸಿ."

ಅವರು ಕೂರಲೂ ಇಲ್ಲ, ತಿನ್ನಲೂ ಇಲ್ಲ. ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಜೀಪು ಹತ್ತಿದರು. ನಾದಿನಿ ಕೋಣೆಯ ಬಾಗಿಲು ಹಾಕಿಕೊಂಡಳು. ನಿಶ್ಚಿತಾರ್ಥದ ದಿನ ಬಂತು, ಹೋಯಿತು. ಆ ಕಡೆಯಿಂದ ಸುದ್ದಿಯೇ ಇಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಈ ಮನೆಯಲ್ಲಿ ಇದಕ್ಕೆಲ್ಲ ಯಾರನ್ನು ದೂರಬೇಕೆಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ ಮಾತ್ರ ಎಂದಿನಂತೆ ಕಣದಲ್ಲಿ ಕಾಫಿ ಹರವಿಸುತ್ತಿದ್ದರು.

ಯುಗಾದಿಗೆ ಮೊದಲು ಹುಡುಗನ ತಾಯಿ ತಾವೇ ಬಂದರು. ಜಗಲಿಯಲ್ಲಿ ಕೂರದೆ ನೇರ ಅಡುಗೆಮನೆಗೆ ಬಂದರು. ಮೊಟ್ಟೆ ಬೇಯಿಸಿದ ಪಾತ್ರೆ ಹುಡುಕುತ್ತಿದ್ದಾರೆಂದೇ ನಾನು ತಿಳಿದೆ. ಅವರು ಚಿಕ್ಕವಳ ಮುಂದೆ ನೆಲದ ಮೇಲೆ ಕೂತು, "ನಿಮ್ಮವ್ವಂಗೆ ಏನಾಗಿತ್ತವ್ವ?" ಎಂದು ಕೇಳಿದರು. ಹೃದಯದ ಕಾಯಿಲೆ ಎಂದಳು. "ನೋಡಕ್ಕೂ ಆಗ್ಲಿಲ್ಲ ಅಲ್ವಾ" ಎಂದರು ಆಕೆ. ಅವರ ತಾಯಿಯೂ ಹಿಂದಿನ ಮಳೆಗಾಲದಲ್ಲಿ ಹೋಗಿದ್ದರಂತೆ. ಹಳ್ಳ ಉಕ್ಕಿ ದಾರಿ ಕಟ್ಟಿ, ಇವರು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಚಿಕ್ಕವಳು ಒಳಗೆ ಹೋಗಿ ಹಿಂದಿನ ದಿನ ಮಾಡಿದ್ದ ಬ್ರೆಡ್ಡು ತಂದು ಹರಿದು ಕೊಟ್ಟಳು. ಆಕೆ ತಿಂದರು. "ಅಣ್ಣನ ಮಾತಿಗೆ ಬೇಜಾರು ಮಾಡ್ಕೋಬ್ಯಾಡಿ" ಎಂದು ಅತ್ತೆಗೆ ಹೇಳಿ, ನಿಶ್ಚಿತಾರ್ಥಕ್ಕೆ ಹೊಸ ದಿನ ನೋಡಿಕೊಂಡೇ ಎದ್ದರು. ಆ ಬೇಸಿಗೆಯಲ್ಲೇ ಮದುವೆಯೂ ಆಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ನಾದಿನಿ ಎರಡನೇ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಕೂಸಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ ನನ್ನ ಹತ್ತಿರ ಬಂದು, "ಅತ್ಗೆ, ಒಂದು ಮಾತು ಹೇಳ್ತೀನಿ, ಅವ್ವಂಗೆ ಹೇಳ್ಬ್ಯಾಡ" ಎಂದಳು.

"ಏನು?"

"ಅವತ್ತು ಫೋನ್ ಎತ್ತಿದ್ದು ನಾನು. ನೀವೆಲ್ಲ ಕಣದಲ್ಲಿದ್ರಿ. ಆ ಕಡೆಯೋರು ಇಂಗ್ಲಿಷಲ್ಲಿ ಮದರ್ ಮದರ್ ಅಂತ ಅಳ್ತಿದ್ರು. ಚಿಕ್ಕತ್ಗೇನ ನಾನೇ ಕರ್ಕೊಂಡು ಬಂದೆ. ಮಾತಾಡಿ ಫೋನ್ ಇಟ್ಟ ಮೇಲೆ ಅವ್ರ ಕಾಲು ಹಿಡ್ಕೊಂಡೆ. ಯಾರಿಗೂ ಹೇಳ್ಬ್ಯಾಡಿ, ಈ ಸಂಬಂಧ ತಪ್ಪೋಗ್ತೈತೆ ಅಂದೆ. ಅವ್ರು ಹೂಂ ಅಂದ್ರು. ಚಿಕ್ಕಣ್ಣನೂ ಆಮೇಲೆ ಹೂಂ ಅಂದ."

ನಾನು ಕೂಸನ್ನು ಅವಳ ಮಡಿಲಿಗೆ ಹಾಕಿದೆ. ಅಷ್ಟು ವರ್ಷ ಗಂಡಹೆಂಡಿರಿಬ್ಬರನ್ನೂ ಅಳೆದು ತೂಗಿದ ನನಗೆ, ಆ ದಿನ ತಲೆನೋವೆಂದು ಊಟ ಬಿಟ್ಟವಳ ಮೇಲೆ ಒಮ್ಮೆಯೂ ಅನುಮಾನ ಹೋಗಿರಲಿಲ್ಲ.

ಚಿಕ್ಕವಳು ಹಿತ್ತಿಲಲ್ಲಿ ಕೂಸಿನ ಬಟ್ಟೆ ಒಣಗಿಸುತ್ತಿದ್ದಳು. ನೇರ ಹೋಗಿ ಕೇಳಿದೆ:

"ಫೋನ್ ವಿಷಯ ಇವ್ಳು ಹೇಳಿದ್ಲು. ಇವ್ಳೇ ಕಾಲು ಹಿಡ್ಕೊಂಡಿದ್ದಂತೆ?"

ಅವಳು ಒಂದು ಲಂಗೋಟಿಯನ್ನು ಜಾಡಿಸಿ ಹಗ್ಗದ ಮೇಲೆ ಹಾಕಿದಳು.

"ಅವ್ಳು ಕೂಸು ಆಗ. ಏನೋ ಅತ್ಲು. ನಾನು ಅದಕ್ಕೆ ಮುಂಚೇನೇ ಅಂದ್ಕೊಂಡಿದ್ದೆ ಅಕ್ಕ."

"ನಿಜ ಹೇಳು."

"ನಂದೇ ತಪ್ಪು ಅಂತ ಒಬ್ರು ಹೇಳಿದ್ರೆ ಸಾಕಲ್ವಾ? ಮೂರು ಜನ ಯಾಕೆ ಹೇಳ್ಬೇಕು?"

ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ, ಬಿಸಿಲು ಅವಳ ಬೆನ್ನ ಹಿಂದಿತ್ತು. ಇವರಲ್ಲಿ ಯಾರು ಯಾರನ್ನು ಕಾಯಲು ಏನು ಹೇಳಿದರೋ, ನನಗೆ ಇಂದಿಗೂ ಖಾತ್ರಿಯಿಲ್ಲ. ಬಕೆಟ್ಟಿನಲ್ಲಿ ಇನ್ನೂ ಬಟ್ಟೆಗಳಿದ್ದವು. ನಾನು ಒಂದೊಂದೇ ಹಿಂಡಿ ಅವಳ ಕೈಗೆ ಕೊಟ್ಟೆ.